ತವರಿನ ತೂಕ

ಕುಬಸದ ದಿನ ತಾಯಿ ಬಸುರಿ ಮಗಳ ಕೈಹಿಡಿದು ತನ್ನ ಮೈತೂಕದಲ್ಲಿ ಎರಡು ಕೆ.ಜಿ. ಅವಳ ಮೈಗೆ ದಾಟಿಸಬೇಕು, ತವರಿನ ಉಡುಗೊರೆಯೆಂದರೆ ಅದೇ. ಸಕ್ಕರೆ ಕಾಯಿಲೆಯ ದ್ಯಾಮವ್ವ ರೊಟ್ಟಿ, ಅನ್ನ ಬಿಟ್ಟ ಮೇಲೆ ಇಳಿದೇ ಹೋಗಿದ್ದಳು. ಮಗಳು ಬಸುರಿಯೆಂದು ತಿಳಿದಂದಿನಿಂದ ಐದು ತಿಂಗಳು ಶೇಂಗಾ, ತತ್ತಿ, ಕೊಬ್ಬರಿ, ಬೆಣ್ಣೆ ಎಂದು ಬೇಸರಪಡದೆ ತಿಂದು, ಸಕ್ಕರೆ ಏರಗೊಡದೆ, ಆ ಎರಡು ಕೆ.ಜಿ. ಕೂಡಿಸಿಕೊಂಡು ಬಂದಿದ್ದಳು.

"ಯವ್ವಾ, ಕೈ ಬರೇ ಎಲಬಾಗ್ಯಾವಲ್ಲ," ಎಂದಳು ಮಗಳು ಶೈಲಾ.

"ಇವತ್ತರ ಡಾಕ್ಟರಕಿ ಮಾಡಬ್ಯಾಡ. ಹಿಡಿ, ತಗೋ."

"ಲಗೂ ಕೊಡ್ರಿ ಬೀಗರ, ಗಾಳಿ ಬಂದ್ರ ನೀವ ಹಾರಿ ಹೋಗ್ತೀರಿ!" ಎಂದು ಶೈಲಾಳ ಅತ್ತೆ ಚೇಷ್ಟೆ ಮಾಡಿದಾಗ ಹೆಂಗಸರೆಲ್ಲ ನಕ್ಕರು.

ಶೈಲಾ ಅವ್ವನ ಕೈ ಹಿಡಿದು ಕಣ್ಣು ಮುಚ್ಚಿದಳು. "ತಗೊಂಡೆ," ಎಂದು ಪದ್ಧತಿಯಂತೆ ಮೂರು ಸಲ ಹೇಳಿದಳು.

ತೂಕ ಕೊಟ್ಟವರಿಗೆ ಮೈ ಹಗುರಾಗಿ ಒಂದು ಗಳಿಗೆ ತಲೆ ತಿರುಗುತ್ತದೆ. ದ್ಯಾಮವ್ವ ಕಾದಳು. ತಲೆ ತಿರುಗಲಿಲ್ಲ, ಕಾಲುಗಳು ನೆಲಕ್ಕೆ ಗಟ್ಟಿಯಾಗಿ ಊರಿಕೊಂಡೇ ಇದ್ದವು. ಮಗಳು ಏನೂ ತೆಗೆದುಕೊಂಡಿರಲಿಲ್ಲ.

ಬೀಗರ ಮನೆಯ ಹೆಂಗಸರೆಲ್ಲ ಅವಳನ್ನೇ ನೋಡುತ್ತಿದ್ದರು. ದ್ಯಾಮವ್ವ ಮೆಲ್ಲಗೆ ಎದ್ದು, ಬಾಗಿಲ ಚೌಕಟ್ಟು ಹಿಡಿದು, ತಲೆ ತಿರುಗಿದವಳಂತೆ ತೂರಾಡಿದಳು.