ಆರು ಹೊತ್ತಿನ ಗಂಜಿ

"ಇವರ ಹೊಟ್ಟಿಗಿ ಏನ್ ಹಾಕ್ಲತ್ತೀರಿ? ಬರೇ ನೀರಾ?" ಡಾಕ್ಟರ್ ದೀಪಾಲಿ ರಕ್ತದ ರಿಪೋರ್ಟನ್ನು ಸಾರಿಕಾಳ ಕಡೆ ತಳ್ಳಿದರು. "ಅಲ್ಬುಮಿನ್ ನೋಡ್ರಿ, ರಕ್ತದಾಗಿನ ಪ್ರೋಟೀನ್. ಹೋದ ತಿಂಗಳು ಮೂರು ಪಾಯಿಂಟ್ ಒಂದು. ಈಗ ಎರಡು ಪಾಯಿಂಟ್ ನಾಕು. ಮೂರರ ಮ್ಯಾಲ ಬರೋತನ ನಾ ಕೀಮೋ ಹಚ್ಚಂಗಿಲ್ಲ. ಹಚ್ಚಿದ್ರ ಅದೇ ಕೊಲ್ತದ."

ಸಾರಿಕಾ ಮಾವನ ಮುಖ ನೋಡಿದಳು. ಈಶ್ವರಯ್ಯ ಗೋಡೆ ನೋಡುತ್ತಿದ್ದರು. ಅನ್ನನಾಳದ ಗಡ್ಡೆ ಈಗ ಉಗುಳನ್ನೂ ಇಳಿಯಗೊಡುತ್ತಿರಲಿಲ್ಲ. ಹೊಟ್ಟೆಗೆ ತೂತು ಕೊರೆದು ಕೂರಿಸಿದ ನಳಿಕೆಯೊಂದೇ ಊಟದ ದಾರಿ.

"ಆರು ಹೊತ್ತೂ ಗಂಜಿ ಕುದಸ್ತೀನ್ರಿ ಮೇಡಂ. ನಾಕು ಹೊತ್ತಿಂದು ಎಮ್ಮಿ ಕುಡೀತದ. ಲಿಂಗಪೂಜಿ ಆಗದ ಇವರು ಏನೂ ತಗೊಳಂಗಿಲ್ಲ. ಪೂಜಿಗಿ ಜಳಕ ಆಗ್ಬೇಕು. ಆರು ಸಲ ಜಳಕ ಮಾಡ್ಲಾಕ ಮೈಯಾಗ ಕಸುವೆಲ್ಲದ? ಮುಂಜಾನಿಗೊಮ್ಮಿ, ಸಂಜಿಗೊಮ್ಮಿ. ಆತು."

"ಖರೇನಾ ಬಾಬಾ?"

"ಐವತ್ತು ವರ್ಷದಾಗ ಒಂದಿನ ತಪ್ಪಿಸಿಲ್ಲ," ಎಂದರು ಈಶ್ವರಯ್ಯ. ದನಿ ಕೆರೆದಂತಿತ್ತು.

ದೀಪಾಲಿ ಪೆನ್ನನ್ನು ಮೇಜಿಗೆ ಬಡಿದರು. "ಈ ಸಿ.ಆರ್.ಪಿ., ಮೈಯಾಗಿನ ಉರಿಯೂತದ ಲೆಕ್ಕ, ಎಂಬತ್ತಾಗ್ಯದ. ಅದು ಬ್ಯಾನಿದು, ನಾ ನೋಡ್ತೀನಿ. ಅಲ್ಬುಮಿನ್ ಇಳದದ್ದು ಅರ್ಧ ಬ್ಯಾನಿಲಿಂದ, ಅರ್ಧ ಉಪಾಸದಿಂದ. ಆ ಉಪಾಸ ಯಾರು ನೋಡ್ಬೇಕು?" ಆಮೇಲೆ ರೋಗಿಗೆ ತಿಳಿಯಬಾರದೆಂದು ಸಾರಿಕಾಳಿಗೆ ಮರಾಠಿಯಲ್ಲಿ ಹೇಳಿದರು: ಹೀಗೇ ಇಳಿದರೆ ಮೂರು ತಿಂಗಳು, ಹೆಚ್ಚೆಂದರೆ ನಾಲ್ಕು. ಹದಿನೈದು ದಿನ ಬಿಟ್ಟು ಮತ್ತೆ ರಕ್ತ ನೋಡುತ್ತೇನೆ. ವಲಾಂಡಿ ಊರಿನ ಸುತ್ತ ಮರಾಠಿ ಮನೆಗಳಲ್ಲಿ ಅಯ್ಯನಾಗಿ ನೂರಾರು ಮದುವೆ ಮಾಡಿಸಿದ್ದ ಈಶ್ವರಯ್ಯ ಗೋಡೆಯಿಂದ ಕಣ್ಣು ತೆಗೆಯಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತ ಕೂಡಲೇ ಸಾರಿಕಾ ಶುರು ಮಾಡಿದಳು. "ಜಳಕೋಟದಾಗ ಬಸವಣ್ಣೆಪ್ಪನ ಅವ್ವ ಹಾಸಗಿ ಹಿಡ್ದಾಗ ನೀವು ಏನ್ ಹೇಳಿದ್ರಿ ಮಾವಾರ? ಹಣಿಗಿ ವಿಭೂತಿ ಹಚ್ಚರಿ, ಅದೇ ಜಳಕ; ಸಲಾಯಿನ್ ಹಚ್ಚರಿ, ಅದೇ ಪ್ರಸಾದ ಅಂದ್ರಿ. ನಾ ಅಲ್ಲೇ ನಿಂತಿದ್ದೆ."

"ಆಕಿ ಭಕ್ತರ ಮನಿಯಾಕಿ. ನಾ ಅಯ್ಯ ಇದ್ದೀನಿ."

"ಹಂಗಂತ ಇದ್ರಾಗ ಬರದಾರೇನು? ಅಯ್ಯನೋರಿಗಿ ಎರಡು ಪಾಯಿಂಟ್ ನಾಕು ನಡೀತದ ಅಂತ?" ಅವಳು ರಿಪೋರ್ಟನ್ನು ಅವರ ತೊಡೆಯ ಮೇಲೆ ಒಗೆದಳು. "ನಿಮ್ಮ ಮಗ ಫೋನಿನ್ಯಾಗ ಬೈತಾರ, ಡಾಕ್ಟರ್ ಎದುರಿಗೇ ಬೈತಾರ. ನಾಳಿ ಮಂದಿ ಅಂತದ, ಸೊಸಿ ಉಪಾಸ ಕೆಡವಿ ಕೊಂದಳು ಅಂತ. ಕುದಸಾಕಿ ನಾ, ಚೆಲ್ಲಾಕಿ ನಾ, ಬೈಸಿಕೊಳ್ಳಾಕಿನೂ ನಾನೇ!"

ಈಶ್ವರಯ್ಯ ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿದರು.

ಸಾರಿಕಾ ಚೀಲದಿಂದ ಥರ್ಮಾಸು, ದಪ್ಪ ಸಿರಿಂಜು ತೆಗೆದಳು. "ಹನ್ನೊಂದರ ಗಂಜಿ ಇದು. ಇವತ್ತು ಚೆಲ್ಲಂಗಿಲ್ಲ ನಾ. ಅಂಗಿ ನೀವು ಎತ್ತತೀರೋ, ನಾ ಎತ್ತಲೋ?"

ಅವರು ಎಡಬಲ ನೋಡಿದರು. ಎದುರು ಬೆಂಚಿನಲ್ಲಿ ಹಣೆ ತುಂಬ ವಿಭೂತಿಯಿದ್ದ ಮುದುಕನೊಬ್ಬ ಕೂತಿದ್ದ. ಈಶ್ವರಯ್ಯ ದನಿ ತಗ್ಗಿಸಿದರು.

"ಅಂವಾ ಈ ಕಡಿ ನೋಡ್ಲತ್ಯಾನೇನು?"

"ಇಲ್ರಿ."

ಮುದುಕ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಸಾರಿಕಾ ಅವನಿಗೆ ಬೆನ್ನು ಮಾಡಿ ನಿಂತು ಸೆರಗನ್ನು ಅಗಲಕ್ಕೆ ಎಳೆದುಕೊಂಡಳು. ಈಶ್ವರಯ್ಯ ಅಂಗಿ ಎತ್ತಿ ನಳಿಕೆಯ ತುದಿ ಹಿಡಿದರು. ಗಂಜಿ ಸದ್ದಿಲ್ಲದೆ ಇಳಿಯತೊಡಗಿತು. ಮೂರನೆಯ ಸಿರಿಂಜಿಗೆ ಅವಳು ತಲೆಯೆತ್ತಿ ನೋಡಿದರೆ, ಅವರ ಕಣ್ಣು ಮುಚ್ಚಿದ್ದವು. ಖಾಲಿ ಬಾಯಿ ಮೆಲ್ಲಗೆ ಅಗಿಯುತ್ತಿತ್ತು.