ಒಳಗಿನ ಚಿಲಕ

ಬಾಗಿಲು ‘ಟಕ್’ ಎಂದು ಮುಚ್ಚಿಕೊಂಡ ಸದ್ದಿಗೇ ಬೀಗ ರಿಪೇರಿಯವನಿಗೆ ತಾನು ಮಾಡಿದ ಎಡವಟ್ಟು ಅರ್ಥವಾಯಿತು. ಮಗುವಿಗೆಂದು ಸಜ್ಜುಗೊಳಿಸಿದ್ದ ಕೋಣೆಯ ಕಿಟಕಿಯನ್ನು ಕೊನೆಯ ಬಾರಿ ಪರೀಕ್ಷಿಸಲು ಒಳಗೆ ಬಂದಿದ್ದ. ಕಿಟಕಿ ತೆರೆದದ್ದೇ ತಡ, ನುಗ್ಗಿದ ಗಾಳಿ ಹಿಂದಿನಿಂದ ಬಾಗಿಲನ್ನು ದೂಡಿಬಿಟ್ಟಿತು. ಆ ಬಾಗಿಲಿಗೆ ಬೆಳಿಗ್ಗೆಯಷ್ಟೇ ಅವನು ಕೂರಿಸಿದ್ದ ಬೀಗ ಅವನಲ್ಲಿದ್ದ ಬೀಗಗಳಲ್ಲೆಲ್ಲ ಗಟ್ಟಿಯಾದದ್ದು. ದೊಡ್ಡ ಮಳಿಗೆಗಳಿಗೆ ಹಾಕುವಂಥದ್ದು. ಮುಚ್ಚಿದೊಡನೆ ತಾನಾಗಿ ಬೀಳುತ್ತದೆ, ಹೊರಗಿನಿಂದ ಮಾತ್ರ ತೆರೆಯುತ್ತದೆ. ಒಳಗಡೆ ಹಿಡಿಯಿಲ್ಲ, ಬೀಗದ ಕೈ ತೂರಿಸಲು ತೂತೂ ಇಲ್ಲ. ಮಳಿಗೆ ಮುಚ್ಚಿದ ಮೇಲೆ ಒಳಗೆ ಯಾರಿರುತ್ತಾರೆ?

ಬೀಗದ ಕೈ ಅವನ ಜೇಬಿನಲ್ಲೇ ಇತ್ತು. ಹೆಂಡತಿಯನ್ನು ಕೂಗಲು ಬಾಯಿ ತೆರೆದ. ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು.

“ಹನ್ನೊಂದಕ್ಕೆ ಬರ್ತೀನಿ ಅಂದಿದ್ದೆ. ಸ್ವಲ್ಪ ಬೇಗನೇ ಬಂದ್ಬಿಟ್ಟೆ. ತೊಂದರೆ ಇಲ್ಲ ತಾನೇ?” ಅಪರಿಚಿತ ಹೆಂಗಸಿನ ದನಿ.

ತೆರೆದ ಬಾಯಿ ಹಾಗೆಯೇ ಮುಚ್ಚಿತು. ಮಕ್ಕಳ ಕಚೇರಿಯ ಅಧಿಕಾರಿ! ಆಸರೆಯಿಲ್ಲದ ಮಗುವೊಂದನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಸಾಕುತ್ತೇವೆಂದು ಗಂಡ ಹೆಂಡತಿ ಹದಿನಾಲ್ಕು ಪುಟಗಳ ಅರ್ಜಿ ತುಂಬಿ, ಎಂಟು ತಿಂಗಳು ಕಾದ ಮೇಲೆ ಕೂಡಿಬಂದ ಮೊದಲ ಭೇಟಿ ಇದು. ಈಕೆ ‘ಮನೆ ತಕ್ಕದ್ದಲ್ಲ’ ಎಂದು ಬರೆದರೆ ಅಲ್ಲಿಗೆ ಕಥೆ ಮುಗಿಯಿತು. ಗಟ್ಟಿಯಾದದ್ದನ್ನೇ ಹಾಕಬೇಕೆಂಬ ಹುಮ್ಮಸ್ಸಿನಲ್ಲಿ ಮಗುವಿಗೆ ಅವನು ಸೆರೆಮನೆಯನ್ನೇ ಕಟ್ಟಿಟ್ಟಿದ್ದ.

“ನಿಮ್ಮ ಮನೆಯವರು ಎಲ್ಲಿ?”

“ಇಲ್ಲೇ ಇದ್ರಲ್ಲ... ರೀ! ಏನೋ ತರೋಕೆ ಹೋಗಿರ್ಬೇಕು ಮೇಡಂ, ಬಂದ್ಬಿಡ್ತಾರೆ.” ಹೊಲಿಗೆ ಕೆಲಸದ ಹೆಂಡತಿಯ ದನಿ, ತುಟಿಗಳ ನಡುವೆ ಸೂಜಿ ಕಚ್ಚಿಕೊಂಡು ಮಾತನಾಡುವಾಗಿನಂತೆ ಬಿಗಿಯಾಗಿತ್ತು. ಮರುಕ್ಷಣವೇ ಅವನ ಮೊಬೈಲ್ ಹೊರಗಡೆ, ಸಾಮಾನಿನ ಪೆಟ್ಟಿಗೆಯ ಮೇಲಿಂದಲೇ, ಹೊಡೆದುಕೊಳ್ಳತೊಡಗಿತು.

ಹೆಜ್ಜೆಗಳು ಅಡುಗೆಮನೆಯತ್ತ ಸಾಗಿದವು.

“ಚಾಕು, ಕತ್ತರಿ?”

“ಬೀಗದೊಳಗಿದೆ ಮೇಡಂ.”

“ಔಷಧಿ?”

“ಅದಕ್ಕೂ ಹಾಕಿದೆ.”

“ಈ ಡಬ್ಬಿಗೆ ಯಾಕಮ್ಮ ಬೀಗ? ಅಂಥದ್ದೇನಿದೆ ಇದರಲ್ಲಿ?”

“ಸಕ್ಕರೆ. ಅವರು ಬೀಗ ಹಾಕೋಕೆ ಶುರು ಮಾಡಿದ್ರೆ ಕೈ ನಿಲ್ಲಲ್ಲ. ಪುಣ್ಯಕ್ಕೆ ನನ್ನ ಬಾಯೊಂದು ಉಳಿದಿದೆ.”

ಇಬ್ಬರೂ ನಕ್ಕರು. ಒಳಗಿದ್ದವನಿಗೆ ನಗು ಬರಲಿಲ್ಲ. ಹೆಂಡತಿ ಚಿಂದಿ ಬಟ್ಟೆಗಳನ್ನು ಜೋಡಿಸಿ ಹೊಲಿದ ಹೊದಿಕೆ ಹಾಸಿದ್ದ ಪುಟ್ಟ ಮಂಚದ ಮೇಲೆ ಅವನು ಮೊಣಕಾಲು ಎದೆಗೆ ತಾಗುವಂತೆ ಕುಳಿತಿದ್ದ. ಇಪ್ಪತ್ತೆರಡು ವರ್ಷ ಊರಿನ ಬಾಗಿಲುಗಳನ್ನೆಲ್ಲ ಅವನು ಹೊರಗೆ ನಿಂತೇ ನೋಡಿದ್ದ. ಯಾರು ಒಳಗೆ ಬರಬಾರದು ಎಂಬುದೊಂದೇ ಅವನ ಲೆಕ್ಕ. ಈಗ ಎದುರಿಗಿದ್ದದ್ದು ಬಿಳಿ ಬಣ್ಣ ಬಳಿದ ನುಣುಪು ಹಲಗೆ. ಅದರಾಚೆ ದೊಡ್ಡವರು ನಗುತ್ತಿದ್ದಾರೆ, ಏನೋ ನಿರ್ಧರಿಸುತ್ತಿದ್ದಾರೆ. ಏನೆಂಬುದು ಒಳಗಿದ್ದವರಿಗೆ ತಿಳಿಯದು.

ಹೆಜ್ಜೆಗಳು ಬಾಗಿಲ ಬಳಿ ಬಂದು ನಿಂತವು.

“ಇದೇ ಅಲ್ವಾ ಮಗುವಿನ ಕೋಣೆ? ಬೀಗ ಬಿದ್ದಿದೆಯಲ್ಲ!”

“ಕೀ ಅವರ ಹತ್ರಾನೇ ಇದೆ ಮೇಡಂ. ಈ ಮನುಷ್ಯ ಎಲ್ಲಿ ಹಾಳಾಗಿ ಹೋದ್ರೋ...”

“ಇರ್ಲಿ ಬಿಡಿ, ಇನ್ನೊಂದು ದಿನ ನೋಡಿದ್ರಾಯ್ತು.”

ಹೆಜ್ಜೆಗಳು ಹಿಂದಕ್ಕೆ ತಿರುಗಿದವು. ಬೀಗ ರಿಪೇರಿಯವನು ಉಸಿರು ಬಿಗಿಹಿಡಿದ. ಇನ್ನೈದು ನಿಮಿಷ ಸುಮ್ಮನಿದ್ದರೆ ಸಾಕು. ಅಧಿಕಾರಿ ಹೊರಟುಹೋಗುತ್ತಾರೆ, ಮಧ್ಯಾಹ್ನದೊಳಗೆ ಬೀಗ ಬದಲಾಗುತ್ತದೆ. ನರಪಿಳ್ಳೆಗೂ ತಿಳಿಯುವುದಿಲ್ಲ. ಅವನು ಮತ್ತೊಮ್ಮೆ ಆ ನುಣುಪು ಹಲಗೆಯನ್ನು ನೋಡಿದ. ಮಂಚದಿಂದಿಳಿದು ಮಂಡಿಯೂರಿ, ಬಾಗಿಲಡಿಯ ಸಂದಿನಿಂದ ಬೀಗದ ಕೈಯನ್ನು ಹೊರಕ್ಕೆ ತಳ್ಳಿದ.

“ಮೇಡಂ... ನಾನು ಒಳಗೇ ಇದ್ದೀನಿ. ಇದನ್ನ ಒಳಗಿಂದ ತೆಗೆಯೋಕೆ ಬರಲ್ಲ. ನೀವು ನೋಡ್ಲೇಬೇಕು.”

ಬಾಗಿಲು ತೆರೆಯಿತು. ಹೆಂಡತಿ ಹಣೆ ಚಚ್ಚಿಕೊಂಡಳು. “ಊರವರ ಬೀಗ ಎಲ್ಲ ತೆಗೆಯೋರು, ನಮ್ಮನೇಲೇ ಸಿಕ್ಕಿಹಾಕಿಕೊಂಡ್ರಾ!”

ಅಧಿಕಾರಿ ಈ ಬಾರಿ ನಗಲಿಲ್ಲ. ಬಾಗಿಲಿನ ಒಳಮೈಯನ್ನು ಅಂಗೈಯಿಂದ ಮೆಲ್ಲಗೆ ಸವರಿದರು.

“ಎಷ್ಟು ಹೊತ್ತಿಂದ ಇಲ್ಲಿದ್ದೀರಿ?”

“ಇಪ್ಪತ್ತು ನಿಮಿಷ ಆಗಿರ್ಬೇಕು. ಕೂಗಿದ್ರೆ ನೀವು ಆಗಲ್ಲ ಅಂದ್ಬಿಡ್ತೀರಿ ಅಂತ ಹೆದರಿಕೆ ಆಯ್ತು.”

“ಮತ್ತೆ ಈಗ್ಯಾಕೆ ಕರೆದ್ರಿ?”

ಅವನು ತಲೆ ತಗ್ಗಿಸಿದ. “ನಾಳೆ ಮಗೂನೂ ಹೀಗೇ ಹೆದರ್ಕೊಂಡು ಕೂಗದೇ ಕೂತಿದ್ರೆ?”

ಅಧಿಕಾರಿ ಪೆನ್ನು ತೆಗೆದು ಬರೆಯತೊಡಗಿದರು, ಬರೆದೇ ಬರೆದರು. ಅವರ ಮುಖ ನೋಡುವ ಧೈರ್ಯ ಸಾಲದೆ ಅವನು ಪೆಟ್ಟಿಗೆ ತಂದು ಸ್ಕ್ರೂಗಳನ್ನು ಬಿಚ್ಚಿದ. ಭಾರದ ಬೀಗ ಕೈಗೆ ಬಂತು. ಅದಿದ್ದಲ್ಲಿ ಉಳಿದ ದುಂಡನೆಯ ಕಂಡಿಯಿಂದ ಹಜಾರದ ಬೆಳಕು ಕೋಣೆಯೊಳಗೆ ಬಿತ್ತು.

“ಬರೀ ಒಂದು ಚಿಲಕ ಹಾಕ್ತೀನಿ ಮೇಡಂ, ಒಳಗಡೆಗೆ. ಆಪತ್ತಿಗೆ ಹೊರಗಿಂದ ನಾವೂ ತೆಗೆಯೋ ಹಾಗೆ,” ಎಂದ ಅವನು, ಕೊನೆಗೂ ತಲೆಯೆತ್ತಿ. “ಎಷ್ಟು ಎತ್ತರಕ್ಕೆ ಹಾಕ್ಲಿ?”

ಅಧಿಕಾರಿ ಪುಸ್ತಕ ಮಡಚಿ, ತಮ್ಮ ಸೊಂಟದ ಮಟ್ಟಕ್ಕೆ ಬಾಗಿಲ ಮೇಲೆ ಅಂಗೈಯಿಟ್ಟರು. ಬಳಿಕ ಯಾರನ್ನೋ ನೆನೆಸಿಕೊಂಡವರಂತೆ ಕಣ್ಣು ಕಿರಿದಾಗಿಸಿ, ಕೈಯನ್ನು ನಾಲ್ಕು ಬೆರಳು ಕೆಳಕ್ಕೆ ಸರಿಸಿದರು.

“ಇಲ್ಲಿ. ಅವಳಿಗೆ ಎಟುಕಬೇಕಲ್ಲ.”

ಗಂಡ ಕಲ್ಲಾಗಿ ನಿಂತ. ಹೆಂಡತಿ ಮಾತ್ರ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಸೊಂಟದಿಂದ ಸೆಳೆದು ಆ ಬೆರಳುಗಳ ಅಂಚಿಗೆ ಗೆರೆಯೆಳೆದುಬಿಟ್ಟಳು, ಅಧಿಕಾರಿ ಕೈ ತೆಗೆಯುವ ಮೊದಲೇ.