ಚಿತ್ತಪ್ಪ ವಕೀಲರ ಜಾಗತಿಕ ಯೋಜನೆ

ಚಳ್ಳಕೆರೆ ಕೋರ್ಟಿನ ಅಂಗಳದಲ್ಲಿ, ಬೇವಿನ ಮರದ ಕೆಳಗೆ, ಚಿತ್ತಪ್ಪ ವಕೀಲರು ಒಂದು ಕೈಯಲ್ಲಿ ರಾಜಿ ಅರ್ಜಿ, ಇನ್ನೊಂದರಲ್ಲಿ ಇಂಕ್ ಪ್ಯಾಡು ಹಿಡಿದು ನಿಂತಿದ್ದರು. ಹೆಬ್ಬೆಟ್ಟು ಒತ್ತಬೇಕಾದ ಇಬ್ಬರೂ ಮುದ್ದೆ ಉಣ್ಣುತ್ತಿದ್ದರು. ವಾದಿ ರಂಗಕ್ಕ, ಪ್ರತಿವಾದಿ ಅವಳ ಒಡಹುಟ್ಟಿದ ಅಣ್ಣ ಮಾರಯ್ಯ. ಇಬ್ಬರ ನಡುವೆ ಒಂದೇ ಬುತ್ತಿ.

ವಕೀಲರ ಅವಸರಕ್ಕೆ ಕಾರಣ ಸಣ್ಣದಲ್ಲ. ಏಳು ಸಮುದ್ರದಾಚೆಯ ವಿಶ್ವ ವಕೀಲರ ಮಹಾಸಂಘವು ತನ್ನ ಮುಂದಿನ ನೀತಿಯನ್ನೂ ಸಂಶೋಧನೆಯನ್ನೂ ಗೊತ್ತುಮಾಡಲು ಸದಸ್ಯರಿಂದ ಯೋಜನೆ ಕೇಳಿ ಫ್ಯಾಕ್ಸ್ ಕಳಿಸಿತ್ತು. ವಿಷಯ: ಮೊಕದ್ದಮೆಗಳು ಯಾಕೆ ಮುಗಿಯುವುದಿಲ್ಲ? ಇದನ್ನು ಚಿತ್ತಪ್ಪನವರನ್ನಲ್ಲದೆ ಇನ್ಯಾರನ್ನು ಕೇಳಬೇಕು! ಅವರು ದನಿ ಎತ್ತಿದರೆ ಉಳ್ಳಾರ್ತಿ ಕಾವಲಿನ ದನಗಳು ಮೇಯುವುದು ಬಿಟ್ಟು ಕಿವಿ ನಿಮಿರಿಸುತ್ತಿದ್ದವು. ಮೊಳಕಾಲ್ಮೂರಿನಲ್ಲಿ ಒಮ್ಮೆ ಅವರು ವಾದ ಶುರುಮಾಡಿದಾಗ ಮಗ್ಗಕ್ಕೆ ಏರಿದ ರೇಷ್ಮೆ ಸೀರೆ, ಅವರು ಕೂರುವ ಹೊತ್ತಿಗೆ ನೇಯ್ದು, ಮಾರಿ, ಉಟ್ಟು, ಹಳತೂ ಆಗಿತ್ತು. ಇದಕ್ಕೆ ಚಿತ್ತಪ್ಪನವರೇ ಸಾಕ್ಷಿ.

ಯೋಜನೆ ಒಪ್ಪಿಗೆಯಾದರೆ ಜಿನೀವಾಕ್ಕೆ ಹೋಗಿ ಓದಬೇಕು. ಕೋಟು ಆಗಲೇ ಇಸ್ತ್ರಿಯಾಗಿತ್ತು. ಮಾದರಿಗೆಂದು ಹಳೆಯ ಕೇಸೊಂದು ರಾಜಿಯಲ್ಲಿ ಮುಗಿದಿರಬೇಕೆಂಬುದು ಮಹಾಸಂಘದ ಷರತ್ತು. ಪರಶುರಾಂಪುರ ಕಡೆಯ ಈ ಅಣ್ಣ-ತಂಗಿಯರ ಹೊಲದ ಕೇಸಿಗಿಂತ ಹಳತಾದದ್ದು ಆ ಕೋರ್ಟಿನಲ್ಲಿ ಬೇವಿನ ಮರವೊಂದೇ. ಮಾರಯ್ಯನ ವಕೀಲರು ಚಿತ್ರದುರ್ಗದಿಂದ ಫೋನಿನಲ್ಲೇ ಒಪ್ಪಿದ್ದರು.

"ಹೊಲ ಇಬ್ಬರಿಗೂ ಸಮಭಾಗ. ಹೆಬ್ಬೆಟ್ಟು ಒತ್ತಿಬಿಡಮ್ಮ."

"ಕೈ ಎಂಜಲು ಸ್ವಾಮಿ," ಎಂದಳು ರಂಗಕ್ಕ.

"ತೊಳ್ಕೊಳ್ಳಮ್ಮ!"

"ತೊಳ್ಕಂಡ್ರೆ ಊಟ ಮುಗ್ದಂಗಲ್ವಾ?"

ಮಾರಯ್ಯ ಚಟ್ನಿಗೆ ಬೆರಳದ್ದಿ ನೆಕ್ಕಿದ. "ಲೇ ರಂಗಿ, ಶೇಂಗಾ ಚಟ್ನಿಗೆ ಉಪ್ಪು ಕಮ್ಮಿ ಐತೆ ಕಣೇ."

"ನಿನ್ನ ಬಿಪಿಗೆ ಹೆದ್ರಿ ಹಾಕಿಲ್ಲಣ್ಣ. ಪ್ರತಿವಾದಿ ಸತ್ರೆ ನಾನು ಯಾರ ಮ್ಯಾಲೆ ಕೇಸು ನಡೆಸ್ಲಿ?"

ಚಿತ್ತಪ್ಪನವರಿಗೆ ತಲೆ ಕೆಟ್ಟಿತು. "ಇಷ್ಟೊಂದು ಅಕ್ಕರೆ ಇಟ್ಕೊಂಡು ಈ ಕೇಸು ಯಾಕ್ರೀ ನಿಮಗೆ?"

ರಂಗಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನನ್ನ ಗಂಡ್ಮಕ್ಳಿಗೂ ಇವನ ಗಂಡ್ಮಕ್ಳಿಗೂ ಬದ್ಧ ದ್ವೇಷ ಸ್ವಾಮಿ. ಎಲ್ಡು ಮನೆಗೂ ಮಾತು ನಿಂತೈತೆ, ನೀರು ನಿಂತೈತೆ. ಹಬ್ಬಕ್ಕೂ ಹೋಗಂಗಿಲ್ಲ, ಸಾವಿಗೂ ಹೋಗಂಗಿಲ್ಲ. ಆ ಮನೆ ಹೊಸ್ಲು ತುಳುದ್ರೆ ನೀನು ನಮ್ಮವ್ವನೇ ಅಲ್ಲ ಅಂದವ್ರೆ. ಕೋರ್ಟಿಗೆ ಅಂದ್ರೆ ಮಾತ್ರ ಅವ್ರೇ ಬಸ್ ಹತ್ತಿಸ್ತಾರೆ, 'ಅವನ್ನ ಬಿಡಬ್ಯಾಡವ್ವ' ಅಂತ. ನಾನೂ ಬಿಟ್ಟಿಲ್ಲ." ಹೀಗೆಂದು ತನ್ನ ಪಾಲಿನ ಮುದ್ದೆಯಲ್ಲಿ ಅರ್ಧ ಮುರಿದು ಅಣ್ಣನ ಕಡೆಗೆ ಹಾಕಿದಳು.

"ರಾಜಿಯಾದ್ರೆ ಮಕ್ಕಳೂ ಸರಿಹೋಗ್ತಾರೆ."

"ಎಲ್ಲಿ ಸರಿಹೋಗ್ತಾರೆ ಸ್ವಾಮಿ?" ಎಂದ ಮಾರಯ್ಯ. "ಹೊಲ ಎಲ್ಡು ಭಾಗ ಆಗ್ತೈತೆ, ನಡುವೆ ಮುಳ್ಳುಬೇಲಿ ಬೀಳ್ತೈತೆ. ಆಮ್ಯಾಕೆ ನಾವು ಯಾವ ನೆಪ ಹೇಳಿ ಬಸ್ ಹತ್ತಾನ?"

ಚಿತ್ತಪ್ಪನವರಿಗೆ ತಟ್ಟನೆ ಈರುಳ್ಳಿ ಚೀಲಗಳು ನೆನಪಾದವು. ಪ್ರತಿ ವಾಯಿದೆ ಸಿಕ್ಕಾಗಲೂ ರಂಗಕ್ಕ ಅವರ ಮನೆಗೆ ಚೀಲ ತುಂಬ ಈರುಳ್ಳಿ ಇಳಿಸಿ ಹೋಗುತ್ತಿದ್ದಳು. ಕೇಸು ಬೇಗ ಮುಗಿಸಲಿ ಎಂಬ ಆಸೆಯಿಂದ ಕೊಡುತ್ತಾಳೆಂದು ಅವರು ನಾಚಿಕೊಂಡೇ ತಿಂದಿದ್ದರು. ಈಗ ನೋಡಿದರೆ ಅದು ಮುಗಿಸದೇ ಇದ್ದದ್ದಕ್ಕೆ ಕೊಟ್ಟದ್ದು.

ಬಾಗಿಲಲ್ಲಿ ಜವಾನ ಕೂಗಿದ: "ವಾದಿ ರಂಗಕ್ಕಾ! ಪ್ರತಿವಾದಿ ಮಾರಯ್ಯಾ!"

ಬುತ್ತಿಯ ಮೇಲಿನ ಎರಡು ಕೈಗಳೂ ಹಾಗೇ ನಿಂತವು. ಅಣ್ಣ-ತಂಗಿ ಇಬ್ಬರೂ ವಕೀಲರ ಕೈಯಲ್ಲಿದ್ದ ಕಾಗದವನ್ನೇ ನೋಡುತ್ತಿದ್ದರು.

ಚಿತ್ತಪ್ಪನವರು ರಾಜಿ ಅರ್ಜಿಯನ್ನು ಮಡಿಸಿ ಕೋಟಿನ ಜೇಬಿಗೆ ತುರುಕಿದರು; ಇಸ್ತ್ರಿ ಕೆಟ್ಟಿತು. ಒಳಗೆ ಹೋದರು. ಹೊರಗೆ ಬಂದು, ಜಿನೀವಾವನ್ನು ಮೂಗಿನಿಂದ ಹೊರಹಾಕಿದವರಂತೆ ಸೀನಿ, "ಮುಂದಿನ ವಾಯಿದೆ ಯುಗಾದಿ ಕಳೆದ ಮೇಲೆ" ಎಂದರು.

"ಹಂಗಾದ್ರೆ ಮಾವಿನಕಾಯಿ ಚಿತ್ರಾನ್ನ ಮಾಡ್ಕಂಡು ಬರ್ತೀನಿ," ಎಂದಳು ರಂಗಕ್ಕ, ಅಣ್ಣನಿಗೆ.

ಸಂಜೆ ಎಸ್‌ಟಿಡಿ ಬೂತಿನ ಕಟ್ಟೆಯ ಮೇಲೆ ಕೂತು ಚಿತ್ತಪ್ಪನವರು ಮಹಾಸಂಘದ ನಮೂನೆ ತುಂಬಿದರು. ನೀತಿ: ಅವಸರ ಬೇಡ. ಬೇಕಾಗುವ ಸಲಕರಣೆ: ಒಂದು ಮರ, ಒಂದು ಬುತ್ತಿ. ಯೋಜನೆಯ ಅವಧಿ ಎಂಬಲ್ಲಿ ಮಾತ್ರ ತುಸು ಹೊತ್ತು ಪೆನ್ನು ಕಚ್ಚಿ, ಆಮೇಲೆ ಬರೆದು ಫ್ಯಾಕ್ಸಿಗೆ ಕೊಟ್ಟರು:

"ಕಕ್ಷಿದಾರರು ಬದುಕಿರುವವರೆಗೆ."